ಕೆಂಪು ಹಚ್ಚಿದ ತುದಿ

"ಕರೆಂಟಿನ ಭಟ್ಟಿ ಅಂದ್ರ ಒಂದು ತಾಸಿನ ಕೆಲಸ ನೋಡ್ರಿ. ಹೊಗಿ ಇಲ್ಲ, ಕಣ್ಣುರಿ ಇಲ್ಲ. ಹನ್ನೆರಡಕ್ಕೆಲ್ಲಾ ಮನಿಗೆ ಬಂದು ಜಳಕಾ ಮಾಡಬಹುದು," ಎಂದ ಯಲ್ಲಾಲಿಂಗ. ಎರಡು ಬಾಗಿಲಾಚೆಯ ನೆರೆಯವ, ಬಿದಿರಿನ ಚಟ್ಟಕ್ಕೆ ಹಗ್ಗ ಬಿಗಿಯುತ್ತ ಕೂತಿದ್ದ.

ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಅಮೀರಸಾಬ, ಸತ್ತವನ ಜೊತೆ ಕಟ್ಟಿಗೆ ವಖಾರದಲ್ಲಿ ದುಡಿದ ಗೆಳೆಯ, ಅದನ್ನು ಕೈಬಿಟ್ಟೇಬಿಟ್ಟ.

"ನಲವತ್ತೆರಡು ವರ್ಷ ಲಕಡಿ ವಖಾರದಾಗ ದುಡದಾವಗ ಕರೆಂಟ್ ಹಚ್ಚತಿಯೇನೋ? ನಾಳಿ ಕನಸಿನಾಗ ಬಂದು ನಿನ್ನ ಬುರುಡಿ ಬಡದು ನೋಡ್ತಾನ, ಗಟ್ಟಿ ಅದನೋ ಟೊಳ್ಳದನೋ ಅಂತ."

ಸುತ್ತ ನಿಂತವರಿಗೆ ನಗು ಬಂತು. ಸಾವಿನ ಮನೆ ಎಂದು ನೆನಪಾಗಿ ಕೆಲವರು ಕೆಮ್ಮಿ ಮುಚ್ಚಿಕೊಂಡರು. ಅಷ್ಟರಲ್ಲಿ ವಿಮಾನವೊಂದು ಚಾಳಿನ ತಗಡಿನ ಮೇಲೆಯೇ ಇಳಿಯುತ್ತದೇನೋ ಎನ್ನುವಂತೆ ಹಾದುಹೋಯಿತು. ವಿಲೆ ಪಾರ್ಲೆಯ ಆ ಗಲ್ಲಿಯಲ್ಲಿ ವಿಮಾನ ಬಂದಾಗ ಎಲ್ಲರೂ ಮಾತು ನಿಲ್ಲಿಸುತ್ತಾರೆ, ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ಅಳುವವರೂ ಹಾಗೆಯೇ ಮಾಡಿದರು.

ಶೆಟ್ಟೆಪ್ಪ ನಿನ್ನೆ ಮಧ್ಯಾಹ್ನ ಊಟ ಮಾಡಿ, ಮಜ್ಜಿಗೆ ಕುಡಿದು, ಗೋಡೆಗೆ ಒರಗಿದವನು ಒರಗಿದಂತೆಯೇ ಹೋಗಿದ್ದ. ಎಪ್ಪತ್ತೊಂದು ವಯಸ್ಸು. "ಪುಣ್ಯಾತ್ಮ, ಒಬ್ಬರ ಕೈಲಿ ನೀರು ಬೇಡಲಿಲ್ಲ" ಎಂದು ಬಂದವರೆಲ್ಲ ಅಂದರು. ಈಗ ಬರಬೇಕಾದವಳು ಒಬ್ಬಳೇ, ಅವನ ತಂಗಿ ಸೇವಂತಿ. ಅಫಜಲಪುರದ ಕಡೆಯ ಹಳ್ಳಿಯಿಂದ ಹೊರಟು, ಕಲಬುರಗಿಯಲ್ಲಿ ರೈಲು ಹಿಡಿದು ಬರುತ್ತಿದ್ದಳು. ಅವಳಿಗಾಗಿ ಹೆಣವನ್ನು ಐಸಿನ ಮೇಲೆ ಇಟ್ಟಿದ್ದರು.

ಇಂದ್ರಾಬಾಯಿ ಗಂಡನ ತಲೆಯ ಹತ್ತಿರ ಕೂತಿದ್ದಳು. ಅಳುವಷ್ಟು ಅತ್ತಾಗಿತ್ತು. ಅವಳ ಕಣ್ಣು ಗಲ್ಲಿಯ ಬಾಯಿಯ ಮೇಲಿತ್ತು. ನಾದಿನಿ ಬರಲಿ ಎಂದೂ ಅನಿಸುತ್ತಿತ್ತು, ಬರುವುದು ತಡವಾಗಲಿ ಎಂದೂ ಅನಿಸುತ್ತಿತ್ತು. ಎಂಟು ವರ್ಷದಿಂದ ಗಂಡನಿಗೆ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡ ಮಾತೊಂದು ಇತ್ತು. ಆ ಮಾತು ಸೇವಂತಿಗೂ ಗೊತ್ತು. ಹಳ್ಳಿಯ ಹೆಂಗಸು, ಹಾಡಿಕೊಂಡು ಅಳುವವಳು. ಅಳುತ್ತ ಅಳುತ್ತ 'ನೀ ಆರಿಸಿ ಕಳಿಸಿದ ಕಂಬ ಬಿದ್ದುವಲ್ಲೋ ಅಣ್ಣಾ' ಎಂದುಬಿಟ್ಟರೆ? ಜೀವಮಾನದಲ್ಲಿ ಒಂದೇ ಒಂದು ವಿದ್ಯೆಗೆ ಹೆಸರಾದ ಮನುಷ್ಯ ಹೋಗುವ ದಿನ ಹೆಸರು ಕೆಡಿಸಿಕೊಂಡು ಹೋಗಬೇಕೆ?

*

ಆ ವಿದ್ಯೆಯನ್ನು ಇಂದ್ರಾಬಾಯಿ ಕಣ್ಣಾರೆ ಕಂಡದ್ದು ಹನ್ನೊಂದು ವರ್ಷದ ಹಿಂದೆ.

ಬೈಕುಲ್ಲಾದ ವಖಾರಕ್ಕೆ ಅವತ್ತು ನೂರು ವರ್ಷದ ಚಾಳೊಂದರ ತೊಲೆಗಳು ಬಂದಿದ್ದವು. ಮುಂಬೈಯಲ್ಲಿ ಹಳೆ ಚಾಳು ಕೆಡವಿದರೆ ಅದರ ಸಾಗವಾನಿ ಇಂಥ ವಖಾರಗಳಿಗೇ ಬರುವುದು. ಅದೇ ವಾರ ಸೇವಂತಿ ಫೋನು ಮಾಡಿ ಅತ್ತಿದ್ದಳು. ಗಂಡ ಇಲ್ಲದ ಹೆಂಗಸು, ನಾಲ್ಕೆಕರೆ ಹೊಲ, ಶೇಂಗಾ ಹಾಕಿದರೆ ಹಂದಿ ಬಂದು ಉತ್ತುಹೋಗುತ್ತವೆ. ಬೇಲಿಗೆ ಸಿಮೆಂಟಿನ ಕಂಬ ಹಾಕಿಸಿದರೆ ಎಮ್ಮೆಗಳು ಮೈ ತಿಕ್ಕಿ ತಿಕ್ಕಿ ಮುರಿದು ಹಾಕಿದವು.

"ಕಟ್ಟಿಗಿ ಕಂಬಾನೇ ಬೇಕು. ನಾ ಕಳಸ್ತೀನಿ," ಅಂದಿದ್ದ ಶೆಟ್ಟೆಪ್ಪ.

ರವಿವಾರ ಬುತ್ತಿ ತೆಗೆದುಕೊಂಡು ಹೋದ ಇಂದ್ರಾಬಾಯಿ ಅಲ್ಲಿಯೇ ಒಂದು ಹಲಗೆಯ ಮೇಲೆ ಕೂತು ನೋಡಿದಳು. ಕಂಬದ ಉದ್ದಕ್ಕೆ ಕೊಯ್ದ ತುಂಡುಗಳನ್ನು ಗಂಡ ಒಂದೊಂದಾಗಿ ಎತ್ತಿ ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದ, ಕಿವಿ ಇಡುತ್ತಿದ್ದ. ಉಗುರು ಊರಿ ನೋಡುತ್ತಿದ್ದ. ಕೊಯ್ದ ಕಡೆ ನಾಲ್ಕು ಹನಿ ನೀರು ಬಿಟ್ಟು ಎಷ್ಟು ಹೊತ್ತಿಗೆ ಕುಡಿಯುತ್ತದೆ ಎಂದು ಕಾಯುತ್ತಿದ್ದ.

"ಹೆಣ್ಣು ನೋಡಾಕ ಬಂದಾಗ ನನ್ನ ಇಷ್ಟು ನೋಡಿರಲಿಲ್ಲ ನೀವು."

"ನಿನ್ನ ಮಣ್ಣಾಗ ನಿಲ್ಲಸೋದಿತ್ತೇನ? ಇಲ್ನೋಡು, ಕಂಬದ ಎರಡು ತುದಿ ಒಂದ ಥರ ಅಂತ ತಿಳೀಬ್ಯಾಡ. ಈ ತುದಿಯಾಗ ಹಳೆ ಮೊಳಿ ತೂತು ಅದಾವ. ಇದು ಮಣ್ಣಿಗೆ ಹೋದ್ರ ನೀರು ಕುಡಿದು ಕೊಳೀತದ, ಒರಲಿ ಹುಳ ಹತ್ತತಾವ. ಆ ತುದಿ ಕಬ್ಬಿಣ. ಅದು ಕೆಳಗ ಹೋಗಬೇಕು. ಅದಕ ಗುರ್ತು ಮಾಡೀನಿ."

ಕಬ್ಬಿಣದಂಥ ತುದಿಗಳಿಗೆಲ್ಲ ಅಮೀರಸಾಬ ಡಬ್ಬಿ ಹಿಡಿದು ಕೆಂಪು ಬಣ್ಣ ಬಳಿಯುತ್ತಿದ್ದ. ಕೆಂಪು ಅಂದರೆ ಇದು ಮಣ್ಣಿಗೆ. ವಖಾರದಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಇನ್ನೂರು ತುಂಡು ಬಡಿದು ಎಂಬತ್ತು ಆರಿಸಿದರು. ಕಲಬುರಗಿಯಿಂದ ತೊಗರಿಬೇಳೆ ತಂದು ಖಾಲಿ ಹೋಗುತ್ತಿದ್ದ ನವಾಜನೆಂಬವನ ಲಾರಿಯಲ್ಲಿ ಹೇರಿಸಿದರು.

"ಕೆಂಪು ಹಚ್ಚೀನಿ, ನೋಡಿಕೋ," ಎಂದು ಲಾರಿ ಊರು ಮುಟ್ಟಿದ ದಿನ ಶೆಟ್ಟೆಪ್ಪ ಫೋನಿನಲ್ಲಿ ತಂಗಿಗೆ ಹೇಳಿದ.

"ನೋಡೀನಣ್ಣ, ಕಣ್ತುಂಬಾ ನೋಡೀನಿ," ಎಂದಳು ತಂಗಿ.

ಮೂರನೆಯ ವರ್ಷದ ಮಳೆಗಾಲದಲ್ಲಿ ಸೇವಂತಿಯ ಮಗ ಶಿವಪುತ್ರನ ಫೋನು ಬಂತು. ಶೆಟ್ಟೆಪ್ಪ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ.

"ಅತ್ತಿ, ಹನ್ನೆರಡು ಕಂಬ ಬಿದ್ದಾವ. ಬುಡಕ ಒರಲಿ ಹತ್ಯಾವ. ಮಾಮಾಗ ಕೊಡ್ರಿ."

ಇಂದ್ರಾಬಾಯಿ ಒಳಗೆ ನೋಡಿದಳು. ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗಂಡ ನಿದ್ದೆ ಮಾಡುತ್ತಿದ್ದ.

"ನಾನೇ ಹೇಳ್ತೀನಪ್ಪ," ಎಂದಳು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಒಂದು ವಾರ ಹೋಯಿತು, ಆಮೇಲೆ ಹೇಳುವ ವೇಳೆಯೇ ಮೀರಿಹೋಯಿತು. ಸೇವಂತಿ ಅಂದಿನಿಂದ ಮುಂಬೈಗೆ ಕಾಲಿಡಲಿಲ್ಲ. ಅಣ್ಣನ ಮಗಳು ರಂಜನಾಳ ಮದುವೆಗೂ ಮಗನ ಕೈಲಿ ಸೀರೆ ಕಳಿಸಿ ಸುಮ್ಮನಾದಳು. ಹಬ್ಬಕ್ಕೊಮ್ಮೆ ಫೋನು. ಹೊಲ ಹೆಂಗದ? ಚಲೋ ಅದಣ್ಣ. ಅಷ್ಟೇ. ಸಿಟ್ಟು ಇರಲೇಬೇಕು ಎಂದುಕೊಂಡಿದ್ದಳು ಇಂದ್ರಾಬಾಯಿ.

*

ಹತ್ತು ಗಂಟೆಗೆ ರಿಕ್ಷಾ ಬಂತು. ಸೇವಂತಿ ಇಳಿದಳು. ಹಿಂದೆ ಶಿವಪುತ್ರ, ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಕೂಸಿನ ಹಾಗೆ ಎದೆಗೆ ಹಿಡಿದಿದ್ದ.

ಸೇವಂತಿ ಹೊಸ್ತಿಲಲ್ಲೇ ಕುಸಿದು ಅಣ್ಣನ ಪಾದ ಹಿಡಿದಳು. ಮುಖ ಆ ಪಾದಕ್ಕೆ ಒತ್ತಿ ಅತ್ತಳು. ಹೆಂಗಸರೆಲ್ಲ ಅತ್ತರು. ಆಮೇಲೆ ಅವಳು ತಲೆ ಎತ್ತಿ, ಮೂಗು ಒರೆಸಿಕೊಂಡು, "ಅಣ್ಣಾ, ಆ ಕಂಬದ ಮಾತು ನಿನ್ನ ಮುಂದ ಆಡಬೇಕಂತ ಎಂಟು ವರ್ಷ..." ಎಂದು ಶುರುಮಾಡಿದಳು.

ಇಂದ್ರಾಬಾಯಿ ಎದ್ದುಬಂದು ಅವಳ ತೋಳು ಹಿಡಿದಳು. "ಸೇವಂತೆವ್ವ, ನಿನ್ನ ಕಾಲು ಬೀಳ್ತೀನಿ, ಇವತ್ತೊಂದು ದಿನ ಬ್ಯಾಡ. ಕಂಬ ಬಿದ್ದದ್ದು ಅವರಿಗೆ ಗೊತ್ತಿಲ್ಲ. ಶಿವಪುತ್ರ ಹೇಳಿದ್ದ, ನಾನೇ ಮುಚ್ಚಿಟ್ಟೆ. ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೊ."

ಸೇವಂತಿ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು. "ಸಿಟ್ಟ? ನನಗ್ಯಾಕ ಸಿಟ್ಟು ವೈನಿ? ಕಂಬ ಬೀಳಿಸಿದಾಕಿ ನಾನು."

ವಿಮಾನ ಬಂತು. ಎಲ್ಲರೂ ಕಾದರು. ಅಷ್ಟು ಉದ್ದದ ವಿಮಾನವನ್ನು ಇಂದ್ರಾಬಾಯಿ ಆ ಚಾಳಿನಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಸದ್ದು ಇಳಿದ ಮೇಲೆ ಸೇವಂತಿ ಟವೆಲಿನ ಗಂಟು ಬಿಚ್ಚಿದಳು. ಒಳಗೆ ಮೊಳಕೈ ಉದ್ದದ ಸಾಗವಾನಿ ತುಂಡು. ಒಂದು ಬದಿ ಗರಗಸದಿಂದ ಕೊಯ್ದದ್ದು, ಇನ್ನೊಂದು ಬದಿಗೆ ಮಾಸಿದ ಕೆಂಪು.

"ಲಾರಿಯಿಂದ ಇಳಸಿದಾಗ ನೋಡಿದ್ರ ಎಂಬತ್ತು ಕಂಬಕ್ಕೂ ಕುಂಕುಮ. ಅಣ್ಣ ಪೂಜಿ ಮಾಡಿ ಕಳಿಸ್ಯಾನ ಅಂತ ತಿಳಿದೆ. ಕುಂಕುಮ ಹಚ್ಚಿದ್ದನ್ನ ಯಾರರೇ ಮಣ್ಣಾಗ ಹುಗೀತಾರೇನ ವೈನಿ? ಎಲ್ಲಾ ಮ್ಯಾಲ ಮಾಡಿ ನಿಲ್ಲಿಸಿದೆ. ಕಾಯಿ ಒಡದೆ."

"ನಾ ಅಂದಿದ್ದೆ, ಅವ್ವಾ ಇದು ಪೇಂಟ್ ಅದ ಅಂತ," ಎಂದ ಶಿವಪುತ್ರ.

"ನೀ ಎಲ್ಲಿ ಅಂದಿದ್ದಿ? ನೀನೇ ಊದಿನಕಡ್ಡಿ ಬೆಳಗಿದಿ!"

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು.

"ಬಿದ್ದ ಮ್ಯಾಲ ಕಿತ್ತು ನೋಡಿದೆ," ಸೇವಂತಿ ಮುಂದುವರಿಸಿದಳು. "ಮೊಳಿ ತೂತೆಲ್ಲಾ ಕೆಳಗ! ಆಗ ತಿಳೀತು. ನಿಂತಿದ್ದ ಅರವತ್ತೆಂಟೂ ಕಿತ್ತಿಸಿದೆ, ಬಿದ್ದ ಹನ್ನೆರಡರ ಕೆಟ್ಟ ತುದಿ ಕೊಯ್ಸಿದೆ, ಎಲ್ಲಾ ತಿರುವಿ ಹುಗಿಸಿದೆ. ಎಂಟು ವರ್ಷ ಆತು, ಒಂದು ಅಲುಗಿಲ್ಲ. ಮೊನ್ನೆ ಟ್ರ್ಯಾಕ್ಟರ್ ಹಾದು ಒಂದು ನಡಕ್ಕ ಮುರೀತು, ಅದರ ಬುಡ ಇದು. ಮಣ್ಣಾಗಿನ ಬುಡ! ಹೆಂಗದ ನೋಡ್ರಿ. ಇದನ್ನ ತಗೊಂಡು ಈ ದೀವಳಿಗೆಗೆ ಬಂದು ಕಾಲಿಗೆ ಬೀಳೋದಿತ್ತು. ಅಷ್ಟು ಕಷ್ಟಪಟ್ಟು ಆರಿಸಿ ಕಳಿಸಿದ್ದ, ನಾ ತಲೆಕೆಳಗ ನಿಲ್ಲಿಸಿದೆ ಅಂತ ಯಾವ ಬಾಯಿಲೆ ಹೇಳ್ಲಿ? ಮಾರಿ ತೋರಸಾಕ ನಾಚಿಕಿ ಆತು. ಅವನಿಗೆ ತಿಳೀದಂಗ ಹ್ವಾದ."

ಇಂದ್ರಾಬಾಯಿ ಆ ತುಂಡಿನ ಮಾಸಿದ ಕೆಂಪಿನ ಮೇಲೆ ಬೆರಳಾಡಿಸಿದಳು. ಎದೆಯಿಂದ ಏನೋ ಒಂದು ಜಾರಿ ಇಳಿಯಿತು, ಆದರೆ ಅದು ಇಳಿದ ಜಾಗದಲ್ಲಿ ಹೊಸ ಸಂಕಟ ಕೂತಿತು. ಇವಳು ನಾಚಿ ಬರಲಿಲ್ಲ, ತಾನು ಹೆದರಿ ಕರೆಯಲಿಲ್ಲ. ನಡುವೆ ಆ ಮನುಷ್ಯ ತಂಗಿಯ ದಾರಿ ಕಾದ.

ಆಗಲೇ ಅಮೀರಸಾಬ ನಗತೊಡಗಿದ್ದು. ಮೊದಲು ಭುಜ ಅಲ್ಲಾಡಿತು, ಆಮೇಲೆ ಗಡ್ಡ. ಅಳುತ್ತಿದ್ದಾನೆಂದು ಯಲ್ಲಾಲಿಂಗ ಬೆನ್ನ ಮೇಲೆ ಕೈ ಇಟ್ಟ.

"ತೆಗಿಯೋ ಕೈ," ಎಂದ ಅಮೀರಸಾಬ, ಕಣ್ಣೊರೆಸಿಕೊಳ್ಳುತ್ತ. "ಭಾಭಿ, ಸೇವಂತಿಬೆಹೆನ್, ಅವನಿಗೆ ಎಲ್ಲಾ ಗೊತ್ತಿತ್ರಿ!"

"ಏನಂದಿ?"

"ಈ ಶಿವಪುತ್ರ ಹೊಸಾ ಮೋಟರ್‌ಸೈಕಲ್ ತಗೊಂಡು ಫೋಟೋ ಕಳಿಸಿದ್ದ ನೋಡ್ರಿ, ಕಂಬ ಹಾಕಿ ಒಂದು ವರ್ಷ ಆಗಿತ್ತು. ವಖಾರದಾಗ ಕುಂತು ಶೆಟ್ಟೆಪ್ಪ ಆ ಫೋಟೋ ಎರಡು ಬೆರಳಿಲೆ ದೊಡ್ಡದು ಮಾಡಿದ. ಗಾಡಿ ಅಲ್ಲ, ಹಿಂದಿನ ಬೇಲಿ. ಕೆಂಪು ತಲಿ ಎಲ್ಲಾ ಆಕಾಶ ನೋಡ್ತಿದ್ದುವು. ಯಾ ಅಲ್ಲಾ, ನಕ್ಕನ್ರಿ ಅವತ್ತು! ತೊಲಿ ಮ್ಯಾಲಿಂದ ಜಾರಿ ಕೆಳಗ ಕುಂತ. ನಾ ಅಂದೆ, ಫೋನ್ ಮಾಡಿ ಹೇಳೋ ಮಾರಾಯಾ. ಬ್ಯಾಡ ಅಂದ. 'ಕುಂಕುಮ ಅಂತ ತಿಳಿದು ಮ್ಯಾಲ ಇಟ್ಟಾಳ. ಈಗ ಹೇಳಿದ್ರ ಮಾರಿ ಸಣ್ಣ ಮಾಡ್ಕೋತಾಳ. ಒಂದೆರಡು ಬಿದ್ದಾಗ ತಾನೇ ತಿಳೀತಾಳ, ನನಗಿಂತ ಶಾಣ್ಯಾ ಅದಾಳ' ಅಂದ. ಮರುದಿನದಿಂದ ವಖಾರದಾಗ ಕೆಂಪು ಬಂದ್. ನೀಲಿ ಡಬ್ಬಿ ತರಿಸಿದ."

ರಂಜನಾ ಅಪ್ಪನ ತಲೆಗೂದಲು ಸರಿಪಡಿಸುತ್ತಿದ್ದವಳು ತಿರುಗಿದಳು. ಹುಟ್ಟಿ ಬೆಳೆದದ್ದು ಇಲ್ಲಿಯೇ. ಅವಳ ಕನ್ನಡ ಎಡವುತ್ತ ಬರುತ್ತಿತ್ತು. "ಮತಲಬ್... ಆಮೇಲೆ ಆತ್ಯಾ ಸೀದಾ ಮಾಡಿದ್ದು, ಅದೂ ಪಪ್ಪಾಗೆ ಮಾಲೂಮ್ ಇತ್ತು ಚಾಚಾ?"

"ಇತ್ತಲ್ಲವಾ! ಹೋದ ವರ್ಷ ಈ ಶಿವಪುತ್ರನ ಮಗಳದೊಂದು ಫೋಟೋ ಬಂತಲ್ಲ, ಬೇಲಿ ಹಿಡಕೊಂಡು ನಿಂತದ್ದು? ಮೊದಲಿನಂಗ ದೊಡ್ಡದು ಮಾಡಿದ. ಒಂದೂ ಕೆಂಪು ತಲಿ ಇಲ್ಲ. ಒಂದೊಂದ ಕಂಬ ಬೆರಳಿಟ್ಟು ಎಣಿಸಿದ. ಆಮ್ಯಾಗ ಅಂದ, 'ತಿರುವ್ಯಾಳ, ಅಮೀರ. ಇನ್ನ ಚಿಂತಿ ಇಲ್ಲ.' ಅವತ್ತು ಚಾ ಅವನೇ ಕುಡಿಸಿದ."

ಸೇವಂತಿ ಅಣ್ಣನ ಮುಖ ನೋಡಿದಳು. "ಕಳ್ಳ," ಎಂದಳು. "ಹೊಲ ಹೆಂಗದ, ಹೊಲ ಹೆಂಗದ ಅಂತ ಕೇಳ್ತಿದ್ದೆಲ್ಲೋ, ಕಳ್ಳ!" ಎಂದು ಅಳುತ್ತಲೇ ನಕ್ಕಳು. ಇಂದ್ರಾಬಾಯಿಯ ಹೆಗಲ ಮೇಲೆ ಅವಳ ತಲೆ ಬಿತ್ತು. ನಿನ್ನೆಯಿಂದ ಮೊದಲ ಸಲ ಇಂದ್ರಾಬಾಯಿ ಉಸಿರನ್ನು ಪೂರ್ತಿ ಬಿಟ್ಟಳು. ಆಮೇಲೆ ಅವಳಿಗೇ ಆಶ್ಚರ್ಯವಾಗುವಂತೆ ಹಸಿವಾಯಿತು.

"ಯಾರರೇ ಇವಳಿಗೆ ಚಾ ಕೊಡ್ರಿ, ರೈಲಿನಾಗ ಬಂದಾಳ," ಎಂದಳು. "ನನಗೂ ಅರ್ಧ ಕಪ್ಪು."

*

ಕರೆಂಟಿನ ಮಾತನ್ನು ಯಲ್ಲಾಲಿಂಗ ಮತ್ತೆ ಎತ್ತಲಿಲ್ಲ.

ಸ್ಮಶಾನದ ಕಟ್ಟಿಗೆ ರಾಶಿಯ ಮುಂದೆ ಅಮೀರಸಾಬ ಬಗ್ಗಿ ನಿಂತು ಒಂದೊಂದೇ ಕೊರಡು ಬಡಿದು ನೋಡುತ್ತಿದ್ದ. ಹಸಿ ಇದ್ದದ್ದನ್ನು ಪಕ್ಕಕ್ಕೆ ಎಸೆದ. ಮಾವಿನದನ್ನು ಮೂಸಿ ಬೇಡವೆಂದ. ಅಲ್ಲಿನ ಕೆಲಸದವನು ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ, "ಚಾಚಾ, ಟೇಬಲ್ ಬನಾನಾ ಹೈ ಕ್ಯಾ?" ಎಂದ.

"ಟೇಬಲ್ ಆದ್ರ ನಾ ಒಬ್ಬನೇ ನೋಡಿದ್ರ ನಡೀತಿತ್ತು," ಎಂದ ಅಮೀರಸಾಬ ಕನ್ನಡದಲ್ಲೇ. "ಇದನ್ನ ಅವನೂ ನೋಡಾಕತ್ಯಾನ."

ಕಬ್ಬಿಣದ ಚೌಕಟ್ಟಿನೊಳಗೆ ಒಣಗಿದ ಕೊರಡು ಸಾಲಾಗಿ ಕೂತವು. ಶೆಟ್ಟೆಪ್ಪನನ್ನು ಮಲಗಿಸಿದರು. ಗಂಡುಮಗ ಇರಲಿಲ್ಲ, ಮಡಕೆ ಹಿಡಿದು ರಂಜನಾ ಸುತ್ತು ಬಂದಳು. ಹೆಂಗಸರು ಬರಬೇಕೋ ಬೇಡವೋ ಎಂಬ ಮಾತನ್ನು ಗಲ್ಲಿಯಲ್ಲಿ ಯಾರೋ ಎತ್ತಿದ್ದರು. ಸೇವಂತಿ ಅಷ್ಟರಲ್ಲಿ ಗಾಡಿ ಹತ್ತಿ ಕೂತಾಗಿತ್ತು.

ಅವಳು ಟವೆಲಿನಿಂದ ಸಾಗವಾನಿ ತುಂಡು ತೆಗೆದು ಇಂದ್ರಾಬಾಯಿಯ ಕೈಗೆ ಕೊಟ್ಟಳು. "ನೀವೇ ಇಡ್ರಿ ವೈನಿ."

ಅಮೀರಸಾಬ ನಡುವೆ ಕೈ ಚಾಚಿ, ಗೆಣ್ಣಿನಿಂದ ಅದನ್ನು ಒಮ್ಮೆ ಬಡಿದ. ಗಂಟೆಯ ಹಾಗೆ ಸದ್ದು ಬಂತು. ಅವನು ತಲೆಯಾಡಿಸಿ ಹಿಂದೆ ಸರಿದ.

"ಲಗೂ ಆಗ್ಲಿ, ಬಿಸಲೇರ್ತದ," ಎಂದ ಯಲ್ಲಾಲಿಂಗ.

"ಎಂಟು ವರ್ಷ ತಡದೀವಿ," ಎಂದಳು ಇಂದ್ರಾಬಾಯಿ. "ಇನ್ನೆರಡು ನಿಮಿಷ ತಡಿ."

ಅವಳು ಗಂಡನ ಕಾಲದೆಸೆಗೆ ಹೋಗಿ, ಚೌಕಟ್ಟಿಗೆ ಒರಗಿಸಿ ಆ ತುಂಡನ್ನು ನೆಟ್ಟಗೆ ನಿಲ್ಲಿಸಿದಳು. ಮಾಸಿದ ಕೆಂಪು ಮೇಲೆ ಬಂದಿತ್ತು. ಅವಳ ಕೈ ತನ್ನಷ್ಟಕ್ಕೆ ಹಾಗೆ ಇಟ್ಟಿತ್ತು. ಕೈಮುಗಿದು ಹಿಂದೆ ಬಂದಳು. ಸೇವಂತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋದಳು, ಬಗ್ಗಿದಳು, ತುಂಡನ್ನು ಎತ್ತಿ, ತಿರುವಿ, ಕೆಂಪು ಕೆಳಗೆ ಮಾಡಿ ನಿಲ್ಲಿಸಿದಳು.