ಪಟ್ಟಲಮ್ಮ ಸತ್ತ ದಿನದ ಗ್ರಾಮಸಭೆ

ನಮ್ಮ ಹುಣಸೆಕೊಪ್ಪಲಿನಲ್ಲಿ ಸತ್ತವರಿಗೆ ಸಿಗುವ ಮರ್ಯಾದೆ ಬದುಕಿರುವವರಿಗೆ ಸಿಗುವುದಿಲ್ಲ. ಊರಲ್ಲಿ ಹೆಣ ಬಿತ್ತೆಂದರೆ ಅದನ್ನು ಎತ್ತುವವರೆಗೆ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ, ಗದ್ದೆಗೆ ಆಳು ಇಳಿಯುವುದಿಲ್ಲ, ಮದುವೆ ಮಾತಾಗಲಿ ಪಂಚಾಯ್ತಿ ಮಾತಾಗಲಿ ಎಲ್ಲವೂ ಬಂದ್. ಗೌಡರ ಬೀದಿಯ ಹೆಣವಾದರೂ ಅಷ್ಟೆ, ಕೇರಿಯ ಹೆಣವಾದರೂ ಅಷ್ಟೆ. ಈ ಒಂದು ವಿಷಯದಲ್ಲಿ ನಮ್ಮೂರು ಭೇದ ಮಾಡುವುದಿಲ್ಲ ಎಂದು ಹೊರಗಿನವರ ಮುಂದೆ ಎದೆ ಉಬ್ಬಿಸಿ ಹೇಳಿಕೊಳ್ಳುವುದು ನಮ್ಮವರ ಚಾಳಿ. ಕೇರಿಯ ಹೆಣ ಸ್ಮಶಾನಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮಾತ್ರ ಕೇಳಬಾರದು. ಕೇಳಿದರೆ ಎಲ್ಲರಿಗೂ ತಟ್ಟನೆ ಬೇರೆ ಕೆಲಸ ನೆನಪಾಗುತ್ತದೆ.

ಕೇರಿಯವರ ಸ್ಮಶಾನ ಇರುವುದು ನಾಲೆಯ ಹತ್ತಿರ. ಅಲ್ಲಿಗೆ ದಾರಿ ಅಂತ ಒಂದಿಲ್ಲ. ಇರುವುದು ಗೌಡರ ಬೀದಿಯ ಬೋರಯ್ಯನ ಗದ್ದೆಯ ಬದು, ಒಬ್ಬ ಮನುಷ್ಯ ಮೈಮೇಲೆ ಎಚ್ಚರ ಇಟ್ಟುಕೊಂಡು ನಡೆಯಬಹುದಾದಷ್ಟು ಅಗಲ. ಬೇಸಗೆಯಲ್ಲಿ ಸತ್ತವರು ಪುಣ್ಯವಂತರು, ಒಣಗಿದ ಗದ್ದೆಯ ಮೇಲೆ ಹಾಯಾಗಿ ಹೋಗುತ್ತಾರೆ. ನಾಲೆಗೆ ನೀರು ಬಿಟ್ಟು ನಾಟಿ ಆದ ಮೇಲೆ ಸತ್ತವರ ಪಾಡು ಬೇರೆ. ಹಿಂದೆ ಕರಿಯಯ್ಯ ತೀರಿಕೊಂಡಾಗ ಹೊತ್ತವನೊಬ್ಬನ ಕಾಲು ಜಾರಿ, ಚಟ್ಟ ಮಗುಚಿ, ಹೆಣ ಪೈರಿನ ಮಧ್ಯೆ ಮಕಾಡೆ ಬಿತ್ತು. ಮಗ ರಾಜೇಂದ್ರ ಕೆಸರಿಗಿಳಿದು ಅಪ್ಪನ ಬಾಯೊಳಗಿನ ಮಣ್ಣು ತೆಗೆದ. ಅದನ್ನು ಕರಿಯಯ್ಯನ ಹೆಂಡತಿ ಪಟ್ಟಲಮ್ಮ ಬದುವಿನ ಮೇಲೆ ನಿಂತು ಕಂಡಳು. ಅವತ್ತಿನಿಂದ ಅವಳದು ಒಂದೇ ಮಾತು.

“ನನ್ನ ಬೇಕಾದ್ರೆ ಇತ್ಲಲ್ಲೇ ಊತುಬುಡಿ. ಅಂಗೆ ಕೆಸ್ರಲ್ಲಿ ಮಾತ್ರ ಕೆಡವಬ್ಯಾಡಿ ಕಣ್ರಪ್ಪ.”

ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡವಳು ಸೊಸೆ ವನಜಾ. ಮಳವಳ್ಳಿಯಲ್ಲಿ ಡಿಗ್ರಿ ಓದಿದವಳು. ಗಂಡ ರಾಜೇಂದ್ರ ಹೈಸ್ಕೂಲು ಮೇಷ್ಟ್ರು, ಯಾರ ಜೊತೆಗೂ ಜೋರಾಗಿ ಮಾತಾಡಿದವನಲ್ಲ. ಇವಳು ಹಾಗಲ್ಲ. ಸ್ಮಶಾನದ ದಾರಿಗೆಂದೇ ಪಂಚಾಯ್ತಿ ಚುನಾವಣೆಗೆ ನಿಂತು, ಗೆದ್ದು, ಮೆಂಬರ್ ಆದಳು. ಆಮೇಲೆ ಬೋರಯ್ಯನ ಜಗಲಿಗೆ ಅಲೆದಳು. ಬೋರಯ್ಯ ಮುಂಗೋಪಿ ಮುದುಕ, ಆದರೆ ಆಡಿದ ಮಾತಿಗೆ ತಪ್ಪುವವನಲ್ಲ. ಬೈದ, ಕಳಿಸಿದ, ಮತ್ತೆ ಬಂದಾಗ ಮತ್ತೆ ಬೈದ. ಕೊನೆಗೊಂದು ದಿನ ಸೋತ.

“ನಾಕಡಿ ತಾನೆ? ಬುಡ್ತೀನಿ ಓಗು. ಆದ್ರೆ ಕೇರಿಯೋರು ಎದ್ರುಸಿ ಈಸ್ಕಂಡ್ರು ಅಂತ ನಾಳೆ ಯಾರೂ ಅನ್ನಬಾರ್ದು. ಗ್ರಾಮಸಭೇಲಿ ಊರೋರ ಮುಂದೆ ಕೇಳು. ಊರೋರ ಮುಂದೇನೇ ಕೊಡ್ತೀನಿ.”

ಕೇಳುವುದೇನೋ ಸರಿ, ಗ್ರಾಮಸಭೆ ನಡೆಯಬೇಕಲ್ಲ. ಮೊದಲನೆಯ ಸಲ ಕೋರಂ ಇಲ್ಲ ಎಂದು ಅಧಿಕಾರಿಗಳು ಎದ್ದು ಹೋದರು. ಗ್ರಾಮಸಭೆ ಎಂದರೆ ನಮ್ಮವರಿಗೆ ಬೇರೆಯವರ ಮನೆಯ ನಾಮಕರಣ ಇದ್ದ ಹಾಗೆ, ಕರೆದರೂ ಹೋಗುವುದಿಲ್ಲ. ವನಜಾ ಮನೆಮನೆಗೆ ಹೋಗಿ ಕೈ ಮುಗಿದು, ಎರಡನೆಯ ಸಲ ಶಾಲೆಯ ಅಂಗಳ ತುಂಬಿಸಿದಳು. ಅಧ್ಯಕ್ಷೆಯ ಗಂಡ ಸಿದ್ದರಾಜು ಮೈಕಿನಲ್ಲಿ “ಹಲೋ, ಹಲೋ” ಅನ್ನುತ್ತಿರುವಾಗ ಗೌಡರ ಬೀದಿಯಲ್ಲಿ ಒಂದು ಮುದುಕಿ ಪ್ರಾಣ ಬಿಟ್ಟಿತು. ಜನ ಎದ್ದರು. ಸಭೆ ಮುಂದಕ್ಕೆ ಹೋಯಿತು.

ಈ ನಡುವೆ ಬೋರಯ್ಯನ ಮಗ ಪುನೀತ್ ಗದ್ದೆಯ ಅಂಚಿನಲ್ಲಿ ಕಲ್ಲುಕಂಬ ತಂದು ಇಳಿಸಿದ. ದೀಪಾವಳಿಗೆ ಅಣ್ಣತಮ್ಮಂದಿರ ಪಾಲು. ಆ ಗದ್ದೆ ಅವನಿಗೆ ಬರುವುದೆಂದು ಆಗಲೇ ತೀರ್ಮಾನವಾಗಿತ್ತು, ಬಂದ ದಿನವೇ ಬೇಲಿ ಎಂದು ಅವನು ಟೀ ಅಂಗಡಿಯಲ್ಲಿ ಹೇಳಿದ್ದ. ಮೂರನೆಯ ಗ್ರಾಮಸಭೆಯೂ ತಪ್ಪಿದರೆ ಮುಂದಿನದು ಆರು ತಿಂಗಳ ಮೇಲೆ. ಅಷ್ಟರಲ್ಲಿ ಕೊಡುವ ಬೋರಯ್ಯನ ಕೈಯಲ್ಲಿ ಗದ್ದೆ ಇರುವುದಿಲ್ಲ.

ಆ ಮೂರನೆಯ ಗ್ರಾಮಸಭೆಯ ದಿನ ಬೆಳಿಗ್ಗೆ ವನಜಾ ಗಂಜಿ ತೆಗೆದುಕೊಂಡು ಅತ್ತೆಯ ಹತ್ತಿರ ಹೋದಳು. ಪಟ್ಟಲಮ್ಮ ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದಳು. ಕೂಗಿದರೆ ಏಳಲಿಲ್ಲ. ಮುಟ್ಟಿದರೆ ತಣ್ಣಗಿದ್ದಳು.

ರಾಜೇಂದ್ರ ಅವ್ವನ ಕಾಲ ಹತ್ತಿರ ಕುಳಿತು ಒಂದಿಷ್ಟು ಹೊತ್ತು ಬಿಕ್ಕಿದ. ಆಮೇಲೆ ಅಕ್ಕಪಕ್ಕದವರನ್ನು ಕರೆಯಲು ಎದ್ದ. ವನಜಾ ಬಾಗಿಲಿಗೆ ಅಡ್ಡ ನಿಂತಳು.

“ಈಗ್ಲೇ ಯೋಳ್ಬ್ಯಾಡ.”

“ಯಾಕೆ?”

“ಸಭೆ ನಿಂತೋಯ್ತದೆ.”

“ಅವ್ವ ಕಣೇ ಅವ್ಳು.”

“ಅದಕ್ಕೇ ಯೋಳ್ತಿರಾದು. ಸಭೆ ನಿಂತ್ರೆ ಅವ್ಳೂ ಅದೇ ಬದದ ಮೇಲೆ ಓಗ್ಬೇಕು. ಗದ್ದೇಲಿ ಮಂಡಿಗಂಟ ಕೆಸ್ರು. ಊರೋರ ಮುಂದೆ ಬೋರಯ್ಯ ಬಾಯ್ಬುಟ್ಟು ಕೊಟ್ಟ ಅಂದ್ರೆ, ಇವತ್ತೇ ನಾಕಡಿ ಪೈರು ಕಿತ್ತು ಅಲಗೆ ಹಾಸ್ಕಂಡು ಒತ್ಕಂಡು ಓಗ್ಬೋದು. ಮಧ್ಯಾಹ್ನದ ಗಂಟ ತಡ್ಕೋ. ಅತ್ತೆಗೆ ದಾರಿ ಈಸ್ಕಂಡೇ ಬತ್ತೀನಿ.”

ರಾಜೇಂದ್ರ ಮತ್ತೆ ಅವ್ವನ ಕಾಲ ಹತ್ತಿರ ಹೋಗಿ ಕುಳಿತ. ವನಜಾ ಅತ್ತೆಯ ಗಲ್ಲಕ್ಕೆ ಬಟ್ಟೆ ಕಟ್ಟಿದಳು, ಕೈಕಾಲು ನೇರ ಮಾಡಿದಳು, ದೀಪ ಹಚ್ಚಿದಳು. ಮೀಯಿಸುವಂತಿಲ್ಲ, ನೀರು ಕಾಯಿಸಿದರೆ ಹೊಗೆಯ ಜೊತೆ ಸುದ್ದಿಯೂ ಹೋಗುತ್ತದೆ. ಅಳುವಂತಿಲ್ಲ, ಕೇರಿಯ ಮನೆಗಳ ಗೋಡೆ ಒಂದಕ್ಕೊಂದು ಅಂಟಿಕೊಂಡಿವೆ. ಸೀರೆ ಬದಲಿಸಿ, ತಲೆ ಬಾಚಿ ಹೊರಟಳು. ಹೆಂಗಸಿಗೆ ಕರುಳಿಲ್ಲ ಎಂದು ಆಮೇಲೆ ಊರೆಲ್ಲ ಆಡಿಕೊಂಡಿತು. ಕರುಳಿದ್ದದ್ದಕ್ಕೇ ಹೋದಳು ಎಂದು ನಾನು ಹೇಳುತ್ತೇನೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಮೂಲೆಯಲ್ಲಿ ದೊಡ್ಡ ಪಾತ್ರೆಯ ಉಪ್ಪಿಟ್ಟು. ತಾಲ್ಲೂಕಿನಿಂದ ಬಂದಿದ್ದ ನೋಡಲ್ ಅಧಿಕಾರಿ ರಘುನಂದನ್ ಬಿಳಿ ಷರ್ಟಿನವನು, ಬಂದ ಕ್ಷಣದಿಂದ ಜೀಪಿನ ಕಡೆಗೇ ನೋಡುತ್ತಿದ್ದ. ಸಿದ್ದರಾಜು ಸ್ವಾಗತ ಮಾಡಿದ. ಸ್ವಾಗತದಲ್ಲೇ ಅರ್ಧ ಊರಿನ ಹೆಸರು ಬಂತು. ಅವನ ಹೆಂಡತಿ, ಅಂದರೆ ನಿಜವಾದ ಅಧ್ಯಕ್ಷೆ, ಪಕ್ಕದ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕುಳಿತಿದ್ದಳು.

ಮೊದಲು ಬೀದಿದೀಪ. ನನ್ನ ಮನೆ ಮುಂದಿನ ದೀಪ ಹಗಲಲ್ಲಿ ಉರಿಯುತ್ತದೆ, ರಾತ್ರಿ ಉರಿಯುವುದಿಲ್ಲ ಎಂದು ಒಬ್ಬ. ನಿನ್ನ ಮನೆ ಮುಂದೆ ದೀಪವಾದರೂ ಇದೆಯಲ್ಲ ಎಂದು ಇನ್ನೊಬ್ಬ. ಆಮೇಲೆ ಚರಂಡಿ. ಚರಂಡಿಯಲ್ಲಿ ನೀರು ಯಾವ ಕಡೆ ಹರಿಯಬೇಕು ಎಂಬುದರ ಮೇಲೆ ಎರಡು ಬೀದಿಗಳ ನಡುವೆ ಜಗಳವೇ ಆಯಿತು. ವನಜಾ ಮೆಂಬರುಗಳ ಸಾಲಿನ ಕೊನೆಯಲ್ಲಿ ಕೂತು, ಈ ಮಾತುಗಳೆಲ್ಲ ಮುಗಿಯುವುದನ್ನೇ ಕಾಯುತ್ತಿದ್ದಳು. ಅವಳ ತಲೆಯಲ್ಲಿದ್ದದ್ದು ಬಾಗಿಲು ಹಾಕಿದ ಮನೆಯೊಳಗೆ ಅವ್ವನನ್ನು ಮುಂದಿಟ್ಟುಕೊಂಡು ಒಬ್ಬನೇ ಕುಳಿತಿರುವ ಗಂಡ.

ನಡುವೆ ಉಪ್ಪಿಟ್ಟು ಹಂಚಿದರು. ಸಾವಿನ ಮನೆಯವರು ಹೆಣ ಎತ್ತುವ ಮೊದಲು ಒಂದು ಅಗುಳನ್ನೂ ಮುಟ್ಟುವುದಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ವನಜಾ ತಟ್ಟೆ ತೆಗೆದುಕೊಂಡು ತಿಂದಳು. ಅವತ್ತು ತನಗಾದದ್ದನ್ನೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು.

ಆಗ ಹೆಂಗಸರ ಸಾಲಿನಿಂದ ಚಿಕ್ಕಬೋರಮ್ಮ ಬಗ್ಗಿ ಅವಳ ತೋಳು ಮುಟ್ಟಿದಳು. ಈಕೆ ಬೋರಯ್ಯನ ಹೆಂಡತಿ. ವಯಸ್ಸಿನ ಕಾಲದಲ್ಲಿ ಗೌಡತಿ ಅನ್ನುವ ಬಿಗುಮಾನವಿಲ್ಲದೆ ಪಟ್ಟಲಮ್ಮನ ಪಕ್ಕದಲ್ಲೇ ಸೊಂಟ ಬಗ್ಗಿಸಿ ನಾಟಿ ಹಾಕಿದವಳು. ಇಬ್ಬರೂ ಬದುವಿನ ಮೇಲೆ ಕೂತು ಒಂದೇ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು.

“ಪಟ್ಟಲಿ ಎಂಗವ್ಳವ್ವ? ನಾಕು ದಿನದಿಂದ ಆ ಕಡೀಕೆ ಬರಕಾಗ್ನಿಲ್ಲ.”

“ಮಲ್ಗವ್ಳೆ ಕಣಮ್ಮ,” ಎಂದಳು ವನಜಾ. ಮುಖ ತಿರುಗಿಸಿಕೊಂಡಳು.

ಕೊನೆಗೂ ವಿಷಯ ಬಂತು. ವನಜಾ ಎದ್ದು ನಿಂತು ಎರಡೇ ಮಾತು ಹೇಳಿದಳು. ಸ್ಮಶಾನಕ್ಕೆ ದಾರಿ ಬೇಕು, ಬೋರಯ್ಯನವರ ಗದ್ದೆಯ ಅಂಚಿನಲ್ಲಿ ನಾಲ್ಕಡಿ ಬಿಟ್ಟುಕೊಡಬೇಕು. ಪುನೀತ್ ಎದ್ದು ಏನೋ ಹೇಳಲು ಬಾಯಿ ತೆಗೆದ.

“ಕೂತ್ಕಳ್ಲಾ,” ಎಂದ ಬೋರಯ್ಯ. ಕೋಲೂರಿ ಎದ್ದ. “ಗದ್ದೆ ಇನ್ನೂ ನನ್ನೆಸ್ರಲ್ಲದೆ. ಕರಿಯಯ್ಯ ನನ್ ಗದ್ದೇಲಿ ಬಿದ್ದಾಗ ನಾನೂ ನೋಡಿವ್ನಿ. ನಾಕಡಿ ಅಲ್ಲ, ಆರಡಿ ತಗಳ್ಳಿ. ಊರೋರೆಲ್ಲಾ ಕೇಳುಸ್ಕಳಿ, ನಾನು ಒಪ್ಪಿ ಕೊಟ್ಟಿವ್ನಿ.”

ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನಮ್ಮೂರಲ್ಲಿ ಅಂಥದ್ದೊಂದು ಗಳಿಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಚಪ್ಪಾಳೆ ನಿಂತ ಮೇಲೂ ವನಜಾ ನಿಂತೇ ಇದ್ದಳು, ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು. “ಸಾರ್, ಈಗ್ಲೇ ಬರ್ಕೊಳ್ಳಿ, ಓದಿ ಹೇಳಿ,” ಎಂದಳು. ರಘುನಂದನ್, ಉಳಿದ ವಿಷಯಗಳೂ ಮುಗಿಯಲಿ, ಎಲ್ಲವನ್ನೂ ಕೊನೆಗೆ ಒಟ್ಟಿಗೆ ಓದಿ ಮಂಜೂರು ಮಾಡುವುದು ಕ್ರಮ ಎಂದ. ಉಳಿದದ್ದು ಕುಡಿಯುವ ನೀರಿನ ವಿಷಯ ಒಂದೇ. ವನಜಾ ಕುಳಿತಳು.

ಆ ಒಂದು ವಿಷಯ ಮುಗಿಯುವ ಮೊದಲೇ ಕೇರಿಯ ಕಡೆಯಿಂದ ಒಂದು ಕೂಗು ಬಂತು. ಹೆಣದ ಮುಂದೆ ಹೆಂಗಸು ಇಡುವ ಕೂಗನ್ನು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರ ಸಾಲಿನಲ್ಲಿ ಚಿಕ್ಕಬೋರಮ್ಮನ ಜಾಗ ಖಾಲಿಯಾಗಿತ್ತು. ಗಂಡ ದಾರಿ ಕೊಟ್ಟ ಸುದ್ದಿಯನ್ನು ಗೆಳತಿಗೆ ತಾನೇ ಮೊದಲು ಹೇಳಬೇಕೆಂದು ಸಂಭ್ರಮದಲ್ಲಿ ಎದ್ದು ಹೋಗಿದ್ದಳು. ಬಾಗಿಲು ತಟ್ಟಿದಾಗ ರಾಜೇಂದ್ರ, ಸಭೆ ಮುಗಿಸಿ ಹೆಂಡತಿ ಬಂದಳೆಂದುಕೊಂಡು ಅಗುಳಿ ತೆಗೆದಿದ್ದ.

ಎಲ್ಲರೂ ಎದ್ದರು. ಬೋರಯ್ಯ ವನಜಾಳ ಹತ್ತಿರ ಬಂದು ನಿಂತ.

“ಯಾವಾಗ?”

“ಬೆಳಿಗ್ಗೆ.”

“ಎಣ ಮನೇಲಿಟ್ಕಂಡು ಬಂದು ನನ್ ಕೈಲಿ ಮಾತು ಈಸ್ಕಂಡ್ಯಾ?”

ಅವಳು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಗಲಾಟೆ ಎದ್ದಿತ್ತು. ದಾರಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ನೆನಪಾದದ್ದು ಉಪ್ಪಿಟ್ಟು. ಹೆಣ ಇರುವ ಊರಲ್ಲಿ ಒಲೆ ಹಚ್ಚಿಸಿ ನಮ್ಮ ಬಾಯಿಗೆ ಅನ್ನ ಹಾಕಿಸಿಬಿಟ್ಟಳಲ್ಲ ಎಂದು ಒಬ್ಬಳು ಅಲ್ಲೇ ಬೆರಳು ಹಾಕಿ ವಾಂತಿ ಮಾಡಿಕೊಂಡಳು. ಸಿದ್ದರಾಜು ಮೈಕು ಹಿಡಿದು, ಇದು ಸೂತಕದ ಸಭೆ, ಇದು ಸಭೆಯೇ ಅಲ್ಲ ಎಂದು ಸಾರಿದ. ಕೇರಿಯವರೂ ವನಜಾಳ ಪರ ನಿಲ್ಲಲಿಲ್ಲ. ತಮ್ಮ ಮಗ್ಗುಲ ಮನೆಯ ಸಾವನ್ನು ತಮಗೇ ಮುಚ್ಚಿಟ್ಟರಲ್ಲ ಎಂಬ ಸಿಟ್ಟು ಅವರಿಗೆ.

“ಬೋರಯ್ಯನವ್ರೆ, ನೀವು ಕೊಟ್ಟ ಮಾತು...” ಎಂದಳು ವನಜಾ.

“ಸೂತಕದಲ್ಲಿ ಕೊಟ್ಟ ಮಾತ ಯಾವ ದೇವ್ರು ನಡುಸ್ತಾನೆ?” ಬೋರಯ್ಯ ಕೋಲು ಕುಟ್ಟಿದ. “ಬೆಳಿಗ್ಗೇನೇ ಬಂದು ಅತ್ತೆ ಓದ್ಲು, ದಾರಿ ಬುಡಿ ಅಂದಿದ್ರೆ ಸಭೇನೂ ಬ್ಯಾಡ ಏನೂ ಬ್ಯಾಡ, ಅಂಗೇ ಬುಡ್ತಿದ್ದೆ. ನನ್ನ ನೀನು ಏನಂದ್ಕಂಡಿದ್ದೆ?”

ಪುನೀತ್ ಅಪ್ಪನ ರಟ್ಟೆ ಹಿಡಿದು ಕರೆದುಕೊಂಡು ಹೋದ. ರಘುನಂದನ್ ಸಾರ್ವಜನಿಕರ ಭಾವನೆಗೆ ಬೆಲೆ ಕೊಟ್ಟು ಸಭೆಯನ್ನು ಮುಂದೂಡಲಾಗಿದೆ ಎಂದು ಬರೆದುಕೊಂಡ. ಓದಿ ಮಂಜೂರಾಗದ ವಿಷಯಗಳು ಮಂಜೂರಾದ ಹಾಗಲ್ಲ ಎಂದು ವನಜಾಳಿಗೆ ಮೆತ್ತಗೆ ತಿಳಿಸಿ ಜೀಪು ಹತ್ತಿದ.

ಮಧ್ಯಾಹ್ನ ಊರು ಪಟ್ಟಲಮ್ಮನಿಗೆ ಕೊಡಬೇಕಾದ ಮರ್ಯಾದೆಯನ್ನೆಲ್ಲ ಕೊಟ್ಟಿತು. ಅಂಗಡಿ ಮುಚ್ಚಿದವು, ತಮಟೆ ಮೊಳಗಿತು, ಪಂಚಾಯ್ತಿಯಿಂದಲೇ ಹಾರ ಬಂತು. ಗೌಡರ ಬೀದಿಯ ಗಂಡಸರು ಕೇರಿಯ ಬಾಯಿಗೆ ಬಂದು ಹೆಗಲ ಮೇಲಿನ ಟವಲು ತೆಗೆದು ನಿಂತರು. ಬೋರಯ್ಯನೂ ಬಂದಿದ್ದ. ಅವನು ವನಜಾಳ ಕಡೆ ನೋಡಲಿಲ್ಲ, ದಾರಿಯ ಮಾತೂ ಎತ್ತಲಿಲ್ಲ. ನಮ್ಮಲ್ಲಿ ಒಬ್ಬರಾದರೂ ಎತ್ತಲಿಲ್ಲ. ಚಟ್ಟ ಬದುವಿನ ಹತ್ತಿರ ಬಂದಾಗ ಊರಿನವರೆಲ್ಲ ಅಲ್ಲಿಗೇ ನಿಂತೆವು.

ಬದುವಿನ ಮೇಲೆ ಹಿಂದೊಬ್ಬ ಮುಂದೊಬ್ಬ ಅಷ್ಟೇ ಹೊರಲು ಸಾಧ್ಯ. ವನಜಾ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಳು. ಪೈರು ತುಳಿಯುತ್ತಾ, ಚಟ್ಟದ ಪಕ್ಕಕ್ಕೆ ಎರಡೂ ಕೈ ಕೊಟ್ಟು, ಮಂಡಿಯವರೆಗಿನ ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತಾ ಹೋದಳು. ರಾಜೇಂದ್ರ ಇನ್ನೊಂದು ಪಕ್ಕದಲ್ಲಿ. ಹೆಣ ಬೀಳಲಿಲ್ಲ. ಅಷ್ಟರಮಟ್ಟಿಗೆ ಪಟ್ಟಲಮ್ಮನ ಮಾತು ನಡೆಯಿತು.

ಮಣ್ಣು ಕೊಟ್ಟು ಎಲ್ಲರೂ ತಿರುಗುವ ಹೊತ್ತಿಗೆ ನಾಲೆಯ ಏರಿಯ ಮೇಲೆ ಚಿಕ್ಕಬೋರಮ್ಮ ನಿಂತಿದ್ದಳು. ಗೌಡರ ಮನೆಯ ಹೆಂಗಸರು ಕೇರಿಯ ಸ್ಮಶಾನಕ್ಕೆ ಹೋದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಅವಳ ಸೀರೆಯ ಅಂಚೂ ಕೆಸರಾಗಿತ್ತು. ವನಜಾ ಹತ್ತಿರ ಬಂದಾಗ ಅವಳ ಕೈ ಹಿಡಿದುಕೊಂಡಳು.

“ನಾನು ಕೂಗ್ಬುಟ್ಟೆ ಕಣವ್ವ. ತಡ್ಕಳಕಾಗ್ನಿಲ್ಲ, ಕೂಗ್ಬುಟ್ಟೆ.”

“ನಿಮ್ದೇನು ತಪ್ಪಮ್ಮ?”

“ಉಪ್ಪಿಟ್ ತಿನ್ನೋವಾಗ ಕೇಳುದ್ನಲ್ಲ ನಿನ್ನ. ಆವಾಗ ನನ್ನೊಬ್ಳ ಕಿವೀಲಿ ಯೋಳ್ಬೋದಾಗಿತ್ತು. ನಾನೂ ನಿನ್ ಪಕ್ಕದಲ್ಲೇ ಬಾಯ್ ಕಚ್ಕಂಡು ಕೂತಿರ್ತಿದ್ನಲ್ಲವ್ವ, ಸಭೆ ಮುಗಿಯೋಗಂಟ.”

ಬೆಳಿಗ್ಗೆಯೇ ಬಂದು ಕೇಳಿದ್ದರೆ ದಾರಿ ಬಿಡುತ್ತಿದ್ದೆ ಎಂದು ಬೋರಯ್ಯ ಆಡಿದ ಮಾತನ್ನು ವನಜಾ ನಂಬಿರಲಿಲ್ಲ. ಹೆಣ ಎದುರಿಗಿದ್ದಾಗ ಎಲ್ಲರೂ ದೊಡ್ಡ ಮನಸ್ಸಿನವರೇ ಎಂದು ಅವಳಿಗೆ ಗೊತ್ತಿತ್ತು. ಚಿಕ್ಕಬೋರಮ್ಮನ ಈ ಮಾತನ್ನು ನಂಬದೆ ಇರಲು ಅವಳಿಂದ ಆಗಲಿಲ್ಲ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು ಅಲ್ಲೇ ಏರಿಯ ಮೇಲೆ ಕುಕ್ಕರಿಸಿ, ಚಿಕ್ಕಬೋರಮ್ಮನ ಕಾಲು ತಬ್ಬಿಕೊಂಡು ಅತ್ತಳು.