ನಗರಸಭೆಯ ಸರಪಳಿ ಲೋಟ

ನಾನು ಒಂದು ತಾಮ್ರದ ಲೋಟ. ಹುಟ್ಟಿದ್ದು ತಾಂಬಟರ ಓಣಿಯಲ್ಲಿ. ಮಾಡಿದಾತ ನನ್ನ ಬಾಯಿಯ ಅಂಚನ್ನು ಬಡಿದು ಮಡಿಸಿದ ಮೇಲೆ ನೀರು ತುಂಬಿ ತನ್ನ ತುಟಿಗೆ ಹಚ್ಚಿ ನೋಡಿದ. ಎಲ್ಲಿಯೂ ಗೀರಲಿಲ್ಲ. ‘ಸಾಕು’ ಎಂದು ಕೆಳಗಿಟ್ಟ. ನಾನು ಕೇಳಿದ ಮೊದಲ ಮಾತು ಅದು.

ಒಬ್ಬ ಕಾಳಿನ ವ್ಯಾಪಾರಿ ನನ್ನನ್ನು ಕೊಂಡು ಸಂತೆಪೇಟೆಯ ಅರವಟ್ಟಿಗೆಗೆ ಕೊಟ್ಟ. ಬೇಸಿಗೆಯಲ್ಲಿ ಬಂದುಹೋಗುವವರಿಗೆ ನೀರು ಕೊಡುವ ಚಪ್ಪರ ಅದು. ಮೊದಲ ವಾರದಲ್ಲೇ ಇಬ್ಬರು ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದರು. ಆಮೇಲೆ ನನಗೊಂದು ಬಳೆ ಬೆಸೆದು ಸರಪಳಿ ಹಾಕಿದರು. ರಸ್ತೆ ಅಗಲ ಮಾಡುವಾಗ ಚಪ್ಪರ ಹೋಯಿತು. ನಗರಸಭೆಯವರು ಅಲ್ಲಿ ನೀರು ತುಂಬಿಡುತ್ತಿದ್ದ ಮಣ್ಣಿನ ಹರವಿಯನ್ನೂ ನನ್ನನ್ನೂ ಒಯ್ದು ಸಭಾಭವನದ ಬಾಗಿಲ ಬಳಿ, ಸಾರ್ವಜನಿಕರ ಬೆಂಚಿನ ಪಕ್ಕ ಇಟ್ಟರು. ನನ್ನ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದರು.

ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಜನರ ಗದ್ದ ಮತ್ತು ಗಂಟಲು. ಸಭೆಯಲ್ಲಿ ಗುಡುಗಿದವರ ಗಂಟಲೂ ನೀರು ನುಂಗುವಾಗ ಮಕ್ಕಳ ಗಂಟಲಿನಂತೆಯೇ ಏರಿ ಇಳಿಯುತ್ತಿತ್ತು.

ಅಲ್ಲಿಗೆ ಬಂದ ಎರಡನೆಯ ಬೇಸಿಗೆಯಲ್ಲಿ ಹೊಳೆಯ ದಂಡೆಯ ಮೋಟಾರು ಸುಟ್ಟಿತು. ಹೊಸದು ಕೊಳ್ಳಲು ನಗರಸಭೆಯಲ್ಲಿ ದುಡ್ಡಿರಲಿಲ್ಲ. ಹತ್ತೊಂಬತ್ತು ದಿನ ಊರಿಗೆ ನಳ ಬರಲಿಲ್ಲ. ಹರವಿ ಒಣಗಿತು, ನನ್ನೊಳಗೆ ಜೇಡ ಬಲೆ ಕಟ್ಟಿತು. ಟ್ಯಾಂಕರಿನ ನೂಕುನುಗ್ಗಲಿನಲ್ಲಿ ಮುರಿಗೆಪ್ಪ ಕಡೇಮನಿ ಎಂಬ ಸದಸ್ಯರ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಏಳಲಿಲ್ಲ. ಆ ವರ್ಷ ಮುರಿಗೆಪ್ಪನವರು ಹಟ ಹಿಡಿದು ಮೀಸಲು ನಿಧಿ ಮಾಡಿಸಿದರು. ಮೂರರಲ್ಲಿ ಎರಡು ಪಾಲು ಸದಸ್ಯರು ಕೈ ಎತ್ತದೆ ಅದನ್ನು ಮುಟ್ಟಬಾರದು ಎಂಬ ನಿಯಮವನ್ನೂ ಬರೆಸಿದರು. ಬಜೆಟ್ ಸಭೆಗಳಲ್ಲಿ ಅದನ್ನು ಮುಟ್ಟುವ ಮಾತು ಬಂದಾಗಲೆಲ್ಲ ಅವರ ಕೈ ಕೆಳಗೇ ಇರುತ್ತಿತ್ತು.

ಇಪ್ಪತ್ತೈದು ವರ್ಷ ಹೀಗೆಯೇ ನಡೆಯಿತು. ಆಮೇಲೆ ಮೆಹಬೂಬ ಎಂಬ ಹುಡುಗುಮುಖದ ಸದಸ್ಯ ಬಂದ. ಸಂತೆಪೇಟೆಯ ಹಿಂದಿನ ಖಾಲಿ ಜಾಗದಲ್ಲಿ ಉದ್ಯಾನ ಆಗಬೇಕು, ಮಕ್ಕಳಿಗೆ ಜೋಕಾಲಿ ಬೇಕು ಎಂದು ಅವನ ವಾದ. ಅದಕ್ಕೆ ದುಡ್ಡು ಮೀಸಲು ನಿಧಿಯಿಂದಲೇ ಬರಬೇಕಿತ್ತು.

‘ಅಜ್ಜಾರು ತತ್ತಿ ಮ್ಯಾಲ ಕುಂತ ಕೋಳಿ ಹಂಗ ರೊಕ್ಕದ ಮ್ಯಾಲ ಕುಂತಾರ್ರೀ. ಮರಿ ಯಾವಾಗ ಹೊರಗ ಬರತಾವೋ ಏನೋ’ ಎಂದು ಅವನು ಚುಚ್ಚುತ್ತಿದ್ದ.

‘ಮೋಟಾರು ಸುಟ್ಟಾಗ ನೀ ತೊಟ್ಟಿಲದಾಗ ಇದ್ದೆಪಾ. ನಿನ್ನ ಅರಿವಿ ಒಗಿಯಾಕ ನಿಮ್ಮವ್ವ ಎಲ್ಲಿಂದ ನೀರು ತಂದ್ಳು, ಮನಿಗೆ ಹೋಗಿ ಕೇಳು’ ಎನ್ನುತ್ತಿದ್ದರು ಮುರಿಗೆಪ್ಪನವರು.

ಉದ್ಯಾನ ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿತ್ತು. ನನಗೆ ಮುರಿಗೆಪ್ಪನವರ ಮಾತೇ ಸರಿ ಅನ್ನಿಸುತ್ತಿತ್ತು. ಒಣಗಿ ನೇತಾಡಿದವನು ನಾನೂ ಹೌದಲ್ಲ.

ಪ್ರತಿ ಬಜೆಟ್ ಸಭೆಗೂ ಗಾಳೆವ್ವ ಬರುತ್ತಿದ್ದಳು. ಸಂತೆಪೇಟೆಯಲ್ಲಿ ಮೆಂತೆ, ಪುಂಡಿಪಲ್ಯ ಮಾರುವವಳು. ಮಡಚಿದ ಅರ್ಜಿಯೊಂದನ್ನು ಲೆಕ್ಕಾಧಿಕಾರಿ ಪ್ರಹ್ಲಾದರಾಯರಿಗೆ ಕೊಟ್ಟು ಬೆಂಚಿನ ತುದಿಯಲ್ಲಿ ಕೂಡುತ್ತಿದ್ದಳು. ಎಂಥ ಬಿಸಿಲಿದ್ದರೂ ನನ್ನ ಕಡೆ ಕೈ ಚಾಚುತ್ತಿರಲಿಲ್ಲ. ತುಟಿ ಒಡೆದಿರುತ್ತಿತ್ತು. ಹರವಿಯ ಕಡೆ ನೋಡುತ್ತಿದ್ದಳು, ಮತ್ತೆ ಮುಖ ತಿರುಗಿಸುತ್ತಿದ್ದಳು. ನನ್ನ ಮೇಲೆ ಆಕೆಗೇನು ಕೋಪವೋ ಎಂದುಕೊಳ್ಳುತ್ತಿದ್ದೆ.

ಐದನೆಯ ವರ್ಷ, ಜೋಕಾಲಿಯೋ ಮೋಟಾರೋ ಎಂದು ಜಗಳ ನಡೆದಿರುವಾಗಲೇ ಆಕೆ ಬೆಂಚಿನ ಮೇಲೆ ವಾಲಿದಳು. ಮುರಿಗೆಪ್ಪನವರು ತಮ್ಮ ಜಾಗದಿಂದ ಎದ್ದು ಬಂದರು. ನನ್ನನ್ನು ಹರವಿಯಲ್ಲಿ ಅದ್ದಿ ಆಕೆಯ ಬಾಯಿಗೆ ಹಿಡಿದರು. ಆಕೆ ತುಟಿ ಬಿಗಿ ಹಿಡಿದಳು.

‘ಕುಡಿ ತಂಗಿ, ನಾಕ ಗುಟುಕು.’

‘ಒಲ್ಲೆರೀ ಅಜ್ಜಾರ. ಮನಿ ಮುಟ್ಟೂತನಕ ನಾ ನೀರು ಕುಡಿಯಂಗಿಲ್ಲ.’

‘ಇವತ್ತ ಯಾವ ಉಪಾಸ?’

‘ದಿನಾನೂ ಇದ ಉಪಾಸರೀ’ ಎಂದಳು, ನೆಲ ನೋಡುತ್ತ. ‘ಮುಂಜಾನಿ ಆರಕ್ಕ ಪ್ಯಾಟ್ಯಾಗ ಕುಂತ್ರ ಸಂಜಿ ಏಳು. ಹೆಣ್ಣಮಕ್ಕಳಿಗೆ ಹೋಗಾಕ ಅಲ್ಲಿ ಜಾಗಾ ಎಲ್ಲೈತ್ರೀ? ಕುಡದ್ರ ಎಲ್ಲಿಗೆ ಹೋಗೂಣು? ಒಂದು ಕಿಡ್ನಿ ಹೋಗೇತಿ, ಇನ್ನೊಂದು ಉಳೀಬೇಕಂದ್ರ ನೀರು ಕುಡಿ ಅಂತಾರ ಡಾಕ್ಟ್ರು. ಐದು ವರ್ಷಾತು ಅರ್ಜಿ ಕೊಡಾಕತ್ತು. ನೀವೆಲ್ಲಾ ಬ್ಯಾಡ ಅಂತೀರಿ.’

ಮುರಿಗೆಪ್ಪನವರು ನನ್ನನ್ನು ಹಿಡಿದುಕೊಂಡೇ ತಿರುಗಿದರು.

‘ನಾವು ಯಾವಾಗ ಬ್ಯಾಡ ಅಂದ್ವಿ? ರಾಯರ, ಈಕಿ ಅರ್ಜಿ ಎಲ್ಲೈತಿ?’

ಪ್ರಹ್ಲಾದರಾಯರು ಹಾಳೆ ತಿರುವಿದರು. ‘ಉದ್ಯಾನದ ಬಾಬತ್ತಿನೊಳಗ ಕಡೀ ಸಾಲು ಅದ ರೀ. ಜಾಗ ಒಂದೇ ಅಂತ ಅದರಾಗ ಸೇರಿಸಿದ್ದೆ. ಉದ್ಯಾನ ಮುಂದಕ್ಕ ಹೋದ್ರ ಅದೂ ಹೋಗ್ತದ.’

‘ಒಮ್ಮೆನೂ ಓದಲಿಲ್ಲಲ್ಲ ನೀವು?’

‘ಹಿರಿಯರು ಕೂತಿರತೀರಿ. ಹೆಣ್ಣುಮಕ್ಕಳ ಪಾಯಖಾನಿ ಅಂತ ಸಭಾದಾಗ ಹ್ಯಾಂಗ ಓದಬೇಕ್ರಿ?’

ರಾಯರು ಕೆಟ್ಟವರಲ್ಲ. ಸಂಕೋಚದ ಮನುಷ್ಯ. ಬಜೆಟ್ಟಿನ ಅಚ್ಚಾದ ಪ್ರತಿ ಎಲ್ಲರ ಮುಂದೆಯೂ ಇರುತ್ತಿತ್ತು. ಕೊನೆಯ ಸಾಲಿನವರೆಗೆ ಯಾರೂ ಹೋಗಿರಲಿಲ್ಲ, ಮೆಹಬೂಬನೂ.

ಉದ್ಯಾನ ಬಿಟ್ಟು ಅದೊಂದನ್ನೇ ಕಟ್ಟೋಣ ಎಂದ ಮೆಹಬೂಬ. ಅದಕ್ಕೂ ಮೀಸಲು ನಿಧಿಯಿಂದಲೇ ತೆಗೆಯಬೇಕಿತ್ತು. ಅಧ್ಯಕ್ಷರು ಕೈ ಎತ್ತಲು ಹೇಳಿ ಎಣಿಸಿದರು. ಒಂದು ಕೈ ಕಡಿಮೆ ಬಿತ್ತು.

ಮುರಿಗೆಪ್ಪನವರ ಬೆರಳುಗಳು ನನ್ನ ಸುತ್ತ ಬಿಗಿಯಾದವು. ತಾಯಿಯನ್ನು ನೆನೆದರೋ ಏನೋ, ನನಗೆ ತಿಳಿಯದು. ಕೈ ಮೇಲೇರಿತು, ನನ್ನನ್ನು ಕೆಳಗಿಡುವುದನ್ನೂ ಮರೆತು. ನೀರು ಅವರ ತೋಳಿಗೆ ಚೆಲ್ಲಿತು, ಸರಪಳಿ ಝಣ್ ಎಂದಿತು. ಎಲ್ಲರೂ ತಿರುಗಿ ನೋಡಿದರು.

‘ಲೋಟಾನೂ ಎತ್ತ್ಯಾರ್ರೀ, ಎರಡು ಮತ ಹಿಡೀರಿ’ ಎಂದ ಮೆಹಬೂಬ. ಅಧ್ಯಕ್ಷರು ಒಂದನ್ನೇ ಹಿಡಿದರು, ಅಷ್ಟೇ ಸಾಕಿತ್ತು.

ಅರ್ಜಿ ಈಡೇರಿದವರು ಸಭಾಭವನಕ್ಕೆ ಮರಳಿ ಬರುವುದಿಲ್ಲ. ಗಾಳೆವ್ವನೂ ಬರಲಿಲ್ಲ. ಕಟ್ಟಡ ಆಯಿತೆಂದು ಕೇಳಿದೆ. ಆಕೆ ನೀರು ಕುಡಿಯುತ್ತಾಳೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ಮೋಟಾರು ಮತ್ತೆ ಸುಟ್ಟಿತು. ನಿಧಿಯಲ್ಲಿ ಉಳಿದದ್ದು ಸಾಲಲಿಲ್ಲ. ಎಂಟು ದಿನ ನೀರಿಲ್ಲ. ಜನ ಮುರಿಗೆಪ್ಪನವರ ಮನೆಯ ಮುಂದೆ ಖಾಲಿ ಕೊಡ ಬಡಿದರು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಅದೇ ವರ್ಷ ಸಭಾಭವನಕ್ಕೆ ಫಿಲ್ಟರ್ ಬಂತು, ನಾನು ಗುಜರಿಯ ಪಟ್ಟಿ ಸೇರಿದೆ. ಹರಾಜಿನ ದಿನ ಮುರಿಗೆಪ್ಪನವರು ಬಂದು ನನ್ನನ್ನು ತೂಕಕ್ಕೆ ಕೊಂಡರು.

ಈಗ ನಾನಿರುವುದು ಸಂತೆಪೇಟೆಯಲ್ಲಿ, ಹೆಂಗಸರ ಆ ಸಣ್ಣ ಕಟ್ಟಡದ ಎದುರಿನ ಬೇವಿನ ಮರದ ಕೆಳಗೆ. ಪಕ್ಕದಲ್ಲಿ ಹೊಸ ಹರವಿ. ದಿನಾ ಬೆಳಿಗ್ಗೆ ಅದನ್ನು ತುಂಬಿಸುವವರು ಮುರಿಗೆಪ್ಪನವರು. ನನ್ನ ಅಂಚು ತಗ್ಗಿದೆ, ನಂಬರು ಅಳಿಸಿದೆ. ಉದ್ಯಾನ ಇನ್ನೂ ಆಗಿಲ್ಲ.

ಮೊದಲ ದಿನ ನಡುಮಧ್ಯಾಹ್ನ ಗಾಳೆವ್ವ ಬಂದಳು. ತಲೆ ನರೆತಿತ್ತು.

‘ನಮ್ಮ ಸಲುವಾಗಿ ಜನ ನಿಮ್ಮನ್ನ ಬೈದ್ರಲ್ರೀ ಅಜ್ಜಾರ.’

‘ಬೈದದ್ದು ಖರೆ. ಎಂಟು ದಿನ ಊರಿಗೆ ನೀರಿಲ್ಲದ್ದೂ ಖರೆ. ನೀ ಕುಡಿ.’

ಕೂಡಿಡುವುದು ಸರಿಯೋ ಕೊಡುವುದು ಸರಿಯೋ, ಇಷ್ಟು ವರ್ಷ ಸಭೆ ಕೇಳಿಯೂ ನನಗೆ ಗೊತ್ತಾಗಿಲ್ಲ. ಹರವಿ ಕೂಡಿಡುತ್ತದೆ, ನಾನು ಕೊಡುತ್ತೇನೆ. ಇಬ್ಬರೂ ಒಂದೇ ಮರದ ಕೆಳಗಿದ್ದೇವೆ.

ಆಕೆ ನನ್ನನ್ನು ಅದ್ದಿ ಎತ್ತಿದಳು. ಪೂರ್ತಿ ಕುಡಿದಳು. ಮತ್ತೆ ಅದ್ದಿ ಅರ್ಧ ಕುಡಿದಳು. ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವಳ ಗಂಟಲನ್ನು ನಾನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಅದು ಏರಿತು, ಇಳಿಯಿತು.