ಇಳಿಯುವ ಸರದಿ

“ಇಳಿಯೋ ಬೋಳಿಮಗನೇ! ಮದುವೆ ಗಂಡಿನ ಹಾಗೆ ನಿಂತ್ಕೊಂಡಿದ್ದೀಯಲ್ಲ!”

ಮೇಸ್ತ್ರಿ ಬೈಯುತ್ತಿದ್ದುದು ಕಟ್ಟಿಕೊಂಡ ಮ್ಯಾನ್‌ಹೋಲಿನ ಪಕ್ಕ ಚಡ್ಡಿಯಲ್ಲಿ ನಿಂತಿದ್ದ ಮನುಷ್ಯನಿಗೆ. ಅಷ್ಟರಲ್ಲಿ ಇಂಟರ್ನ್‌ಶಿಪ್ ವಿದ್ಯಾರ್ಥಿಗಳ ವ್ಯಾನು ಬಂದು ನಿಂತಿತು. ಮೊದಲು ಇಳಿದ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು. ಬೈಸಿಕೊಳ್ಳುತ್ತಿದ್ದವನು ಅವಳ ಚಿಕ್ಕಪ್ಪ.

ಬೇಸಿಗೆ ರಜೆಗೆ ನಗರಸಭೆಯ ಒಳಚರಂಡಿ ವಿಭಾಗಕ್ಕೆ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅವಳೂ ಒಬ್ಬಳು. ಉಳಿದವರು ಈ ಹೊಸ ಊರನ್ನು ದಿನಕ್ಕಿಷ್ಟಿಷ್ಟು ಕಂಡುಹಿಡಿಯುತ್ತಿದ್ದರು: ಕೆರೆಯಂಚಿನ ಕಾಫಿ ಅಂಗಡಿ, ಹಳೇ ಥಿಯೇಟರು, ತಂಗಾಳಿ ಬೀಸುವ ಸೇತುವೆ. ಅವಳು ಮಾತ್ರ ಸಂಜೆಯಾದೊಡನೆ ಜಾರಿಕೊಳ್ಳುತ್ತಿದ್ದಳು. “ನಮ್ಮ ಚಿಕ್ಕಪ್ಪ ನಗರಸಭೇಲೇ ಕೆಲಸಕ್ಕಿದ್ದಾರೆ, ಅವರ ಮನೇಲಿದ್ದೀನಿ” ಎಂದಿದ್ದಳು. ಸುಳ್ಳೇನಲ್ಲ. ಮನೆ ಅಂದರೆ ಒಂದು ಕೋಣೆ. ಚಿಕ್ಕಪ್ಪ ಹೊರಗಿನ ನಲ್ಲಿಯಡಿ ಚರ್ಮ ಕಿತ್ತುಬರುವಂತೆ ಮೈ ಉಜ್ಜಿಕೊಳ್ಳುತ್ತಿದ್ದ. ಆದರೂ ತಟ್ಟೆ ಹಿಡಿದು ಹೊಸ್ತಿಲಾಚೆಯೇ ಕೂರುತ್ತಿದ್ದ. “ನೀನು ಓದೋಳು ಪುಟ್ಟಿ, ನಿನ್ನ ಪುಸ್ತಕಕ್ಕೆ ವಾಸನೆ ಹತ್ತೀತು” ಎಂದು ನಗುತ್ತಿದ್ದ.

ಈಗ ಅವಳನ್ನು ಕಂಡವನೇ ಗುರುತೇ ಇಲ್ಲದವನಂತೆ ಮುಖ ತಿರುಗಿಸಿದ. ಅವಳ ಮಾನ ಕಾಯಲು.

ವಿದ್ಯಾರ್ಥಿಗಳನ್ನು ಕರೆತಂದಿದ್ದ ನಗರಸಭೆಯ ಎಂಜಿನಿಯರ್ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. “ನಮ್ಮೂರಲ್ಲಿ ಎಲ್ಲಾ ಮೆಷಿನ್ನಲ್ಲೇ ಆಗೋದು. ಮನುಷ್ಯರನ್ನ ಇಳಿಸೋದೇ ಇಲ್ಲ. ರಿಪೋರ್ಟಲ್ಲಿ ಹಾಗೇ ಬರೀರಿ.”

“ಮತ್ತೆ ಇವರು, ಸರ್?” ಹುಡುಗನೊಬ್ಬ ಕೇಳಿದ.

“ಇವತ್ತು ಮೆಷಿನ್ ಕೆಟ್ಟಿದೆ. ಇವರಿಗೆಲ್ಲ ಅಭ್ಯಾಸ ಕಣಯ್ಯ, ಏನೂ ಆಗಲ್ಲ. ಎಲ್ಲರೂ ಫೋನ್ ಒಳಗಿಡಿ.”

ಫೋನುಗಳು ಜೇಬು ಸೇರಿದವು. ಒಬ್ಬಳು ಓಕರಿಕೆ ತಡೆಯಲಾರದೆ ವ್ಯಾನಿನ ಹಿಂದಕ್ಕೆ ಓಡಿದಳು. ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳತೊಡಗಿದ. ಅವನ ಜೊತೆಗಾರನನ್ನು ಇದೇ ಬೇಸಿಗೆಯಲ್ಲಿ ಇಂಥದೇ ಗುಂಡಿಯಿಂದ ಹೆಣವಾಗಿ ಮೇಲೆಳೆದಿದ್ದರು. ಕುಡಿದು ಬಿದ್ದ ಅಂದಿತ್ತು ಕಚೇರಿ.

ಹುಡುಗಿ ಸುಮ್ಮನೆ ಹೋಗಿ ಗುಂಡಿಯ ಬಾಯಿಗೆ ಕಾಲು ಇಳಿಬಿಟ್ಟು ಕೂತುಬಿಟ್ಟಳು.

“ಏನಮ್ಮಾ ಇದು? ಬಟ್ಟೆ ಹಾಳಾಗುತ್ತೆ, ಏಳು!” ಎಂದರು ಸಾಹೇಬರು.

“ಇವರು ನಮ್ಮ ಚಿಕ್ಕಪ್ಪ, ಸರ್. ಇಳಿಯಲ್ಲ.”

ಜೊತೆಯವರು ತಮಗೇ ಗೊತ್ತಿಲ್ಲದಂತೆ ಹಿಂದಕ್ಕೆ ಸರಿದರು. ನಿನ್ನೆ ಅವಳ ಬಾಟಲಿಯಿಂದಲೇ ನೀರು ಕುಡಿದ ಗೆಳತಿಯೂ ಸರಿದಳು.

“ಓಹೋ!” ಸಾಹೇಬರ ದನಿ ಬದಲಾಯಿತು. “ರಕ್ತ ಎಲ್ಲಿಗೆ ಹೋಗುತ್ತೆ? ಸರ್ಟಿಫಿಕೇಟ್ ಬೇಕೋ ಬೇಡ್ವೋ ನಿಂಗೆ?”

“ಲೇ, ನಿನ್ನ ಮಗಳನ್ನ ಎಬ್ಬಿಸ್ತೀಯೋ, ನಾಳೆಯಿಂದ ಮನೇಲಿ ಬಿದ್ದಿರ್ತೀಯೋ?” ಮೇಸ್ತ್ರಿ ಚೀರಿದ.

ಚಿಕ್ಕಪ್ಪ ಅವಳೆದುರು ಕೈ ಮುಗಿದ. “ಏಳೇ ಪುಟ್ಟಿ, ದಮ್ಮಯ್ಯ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡ. ಹಿಂಗೆ ಇಳಿದು ಹಂಗೆ ಬಂದ್ಬಿಡ್ತೀನಿ.”

“ನಿಮ್ಮ ಜೊತೆಗಾರರೂ ಹಾಗೇ ಹೇಳಿ ಇಳಿದಿದ್ದಲ್ವಾ, ಚಿಕ್ಕಪ್ಪ?”

ಅವನು ಅವಳ ರಟ್ಟೆ ಹಿಡಿದು ಎಳೆದ. ಆಗಲಿಲ್ಲ. ಅಲ್ಲೇ ಕುಕ್ಕರಿಸಿ ಅಳತೊಡಗಿದ. ಅವಳು ಅವನ ಸೊಂಟದ ಹಗ್ಗ ಬಿಚ್ಚಿ ಸಾಹೇಬರತ್ತ ಚಾಚಿದಳು.

“ಕೆಲಸ ಇವತ್ತೇ ಆಗ್ಬೇಕಲ್ವಾ? ಬನ್ನಿ ಸರ್. ನಾನು ಹಗ್ಗ ಹಿಡ್ಕೊಳ್ತೀನಿ.”

ಸಾಹೇಬರು ಹಗ್ಗ ಮುಟ್ಟಲಿಲ್ಲ. ಕೆಳಗೆ ಕಟ್ಟಿಕೊಂಡ ಕಪ್ಪು ನೀರು ಗುಳುಗುಳು ಎನ್ನುತ್ತ ಮೇಲೇರಿ ಅವಳ ಪಾದ ಮುಟ್ಟಿತು. ಅವಳು ಕಾಲೆತ್ತಲಿಲ್ಲ.